ನಾಟಕ ಯೂಟ್ಯೂಬ್‌ನಲ್ಲಿದೆ, ನಟನ ಹೆಸರೆಲ್ಲಿ?

ತುಮಕೂರು ಜಿಲ್ಲೆಯಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಪೌರಾಣಿಕ ನಾಟಕಗಳ ಕಾಲ. ಗುಬ್ಬಿ, ತುರುವೇಕೆರೆ, ತಿಪಟೂರು, ಕುಣಿಗಲ್ ಕಡೆಯ ಊರುಗಳಲ್ಲಿ ರಾತ್ರಿ ಶುರುವಾದ ಕುರುಕ್ಷೇತ್ರ ಬೆಳಗಿನ ಜಾವದವರೆಗೂ ನಡೆಯುತ್ತದೆ. ಮೊದಲು ಸ್ಟೇಜಿನ ಮುಂದೆ ಹಾರ್ಮೋನಿಯಂ, ತಬಲಾ ಇರುತ್ತಿದ್ದವು. ಈಗ ಅವುಗಳ ಪಕ್ಕದಲ್ಲೇ ಒಂದೆರಡು ಕ್ಯಾಮೆರಾಗಳೂ ಇರುತ್ತವೆ. ನಾಟಕ ನಡೆಯುತ್ತಿರುವಾಗಲೇ ಯೂಟ್ಯೂಬ್‌ನಲ್ಲಿ ಲೈವ್ ಹೋಗುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಊರಿನ ಹೆಣ್ಣುಮಕ್ಕಳು, ಪೀಣ್ಯದ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿದವರು ತಮ್ಮ ರೂಮಿನಲ್ಲಿ ಕೂತು ಊರಿನ ನಾಟಕ ನೋಡುತ್ತಾರೆ. ಇದು ಸಣ್ಣ ವಿಷಯವಲ್ಲ.

ಆದರೆ ಆ ವಿಡಿಯೋಗಳ ಕೆಳಗೆ ಒಮ್ಮೆ ಕಣ್ಣಾಡಿಸಿ. ದುರ್ಯೋಧನನ ಅಬ್ಬರದ ಪದ್ಯ ಎಂದು ಟೈಟಲ್ ಇರುತ್ತದೆ. ದುರ್ಯೋಧನನ ಪಾರ್ಟು ಮಾಡಿದವರು ಯಾರು? ಬರೆದಿರುವುದಿಲ್ಲ. ಆರೇಳು ಗಂಟೆ ಬೆರಳು ನಿಲ್ಲಿಸದೆ ಹಾರ್ಮೋನಿಯಂ ನುಡಿಸಿದ ಮೇಷ್ಟ್ರು ಯಾರು? ಅದೂ ಇಲ್ಲ. ದ್ರೌಪದಿಯ ಪಾತ್ರ ಮಾಡಿದ ಕಲಾವಿದೆಯ ಊರು ಯಾವುದು? ಗೊತ್ತಿಲ್ಲ. ಕಾಮೆಂಟಿನಲ್ಲಿ ಯಾರೋ 'ಈ ಮೇಷ್ಟ್ರ ನಂಬರ್ ಇದ್ರೆ ಕೊಡಿ, ನಮ್ಮೂರಲ್ಲಿ ನಾಟಕ ಕಲಿಸಬೇಕು' ಎಂದು ಕೇಳಿರುತ್ತಾರೆ. ಅದಕ್ಕೆ ಉತ್ತರ ಬಂದಿರುವುದು ಅಪರೂಪ.

ಸ್ವತಂತ್ರ ಕಲಾವಿದರು ಆನ್‌ಲೈನ್‌ಗೆ ಬರಬೇಕು ಎಂದು ಎಲ್ಲರೂ ಹೇಳುತ್ತಾರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕಲಾವಿದರು ಆನ್‌ಲೈನ್‌ಗೆ ಬಂದು ವರ್ಷಗಳೇ ಆದವು. ಬೇರೆಯವರ ಚಾನೆಲ್‌ನಲ್ಲಿ ಬಂದಿದ್ದಾರೆ, ಹೆಸರಿಲ್ಲದೆ ಬಂದಿದ್ದಾರೆ, ಅಷ್ಟೇ. ಹಾಗಾಗಿ ಇವತ್ತಿನ ಪ್ರಶ್ನೆ ಎಷ್ಟು ಜನ ನೋಡಿದರು ಎಂಬುದಕ್ಕಿಂತ ಮುಂದಿನದು. ನೋಡಿದವರು ಆ ಕಲಾವಿದರನ್ನು ಹುಡುಕಿ ಮುಂದಿನ ಕಾರ್ಯಕ್ರಮಕ್ಕೆ ಕರೆಯಲು ದಾರಿ ಇದೆಯಾ? ನನ್ನ ಪ್ರಕಾರ ನಮ್ಮ ಕಡೆಯ ಕಲಾವಿದರಿಗೆ ಹೊಟ್ಟೆ ತುಂಬಿಸುವುದು ವ್ಯೂಸ್‌ಗಿಂತ ಜಾಸ್ತಿ ಆ ಫೋನ್ ಕರೆಯೇ.

ಇದನ್ನು ಅರ್ಥ ಮಾಡಿಕೊಳ್ಳಲು ಹಳ್ಳಿ ನಾಟಕದ ದುಡ್ಡು ಹೇಗೆ ಓಡಾಡುತ್ತದೆ ಎಂದು ನೋಡಬೇಕು. ಹೊರಗಿನವರಿಗೆ ಇದು ಆಶ್ಚರ್ಯ ಅನ್ನಿಸಬಹುದು. ಪಾರ್ಟು ಮಾಡುವ ಊರಿನ ಗಂಡಸರು ದುಡ್ಡು ತೆಗೆದುಕೊಳ್ಳುವುದಿಲ್ಲ, ಕೊಡುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ, ಸಣ್ಣ ಪಾತ್ರಕ್ಕೆ ಸಣ್ಣ ಮೊತ್ತ. ಹೀಗೆ ಸೇರಿದ ದುಡ್ಡಿನಲ್ಲಿ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುವ ಹಾರ್ಮೋನಿಯಂ ಮೇಷ್ಟ್ರಿಗೆ, ತಬಲಾದವರಿಗೆ, ಸೀನರಿಯವರಿಗೆ, ಡ್ರೆಸ್ಸು ಮೇಕಪ್‌ನವರಿಗೆ, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳಿಗೆ ಕೊಡಬೇಕು. ಅಂದರೆ ನಾಟಕವನ್ನೇ ನಂಬಿ ಬದುಕುವವರು ಈ ಮೇಷ್ಟ್ರು, ಈ ಹೆಣ್ಣುಮಕ್ಕಳು, ಈ ಸೀನರಿಯವರು. ಅವರಿಗೆ ಸಂಬಳವಿಲ್ಲ, ಕಂಪನಿಯಿಲ್ಲ. ಒಂದು ಊರಿನಲ್ಲಿ ಚೆನ್ನಾಗಿ ಮಾಡಿದರೆ ಇನ್ನೊಂದು ಊರಿನವರು ಕರೆಯಬೇಕು. ನಿಜವಾದ ಅರ್ಥದಲ್ಲಿ ಸ್ವತಂತ್ರ ಕಲಾವಿದರು ಇವರೇ.

ಒಂದು ಕಾಲಕ್ಕೆ ತುಮಕೂರು ಜಿಲ್ಲೆಯಲ್ಲೇ ನಾಟಕ ಕಂಪನಿ ಇತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಸಂಘವನ್ನು ಗುಬ್ಬಿ ವೀರಣ್ಣನವರು ಇಡೀ ನಾಡು ಮಾತಾಡುವ ಕಂಪನಿಯಾಗಿ ಬೆಳೆಸಿದರು. ಕಂಪನಿ ಇದ್ದಾಗ ಪ್ರಚಾರದ ಕೆಲಸ ನಟನದ್ದಾಗಿರಲಿಲ್ಲ. ಪೋಸ್ಟರ್ ಅಂಟಿಸುವುದು, ಕರಪತ್ರ ಹಂಚುವುದು, ಊರೂರಿಗೆ ಸಾರುವುದು ಎಲ್ಲ ಕಂಪನಿಯ ಹೊಣೆ. ಈಗ ಕಂಪನಿ ಇಲ್ಲ. ಆ ಹೊಣೆಯೆಲ್ಲ ಒಬ್ಬೊಬ್ಬ ಕಲಾವಿದರ ಕೈಯಲ್ಲಿರುವ ಫೋನಿನ ಮೇಲೆ ಬಿದ್ದಿದೆ. ಆದರೆ ಹಳ್ಳಿಯ ನಾಟಕದ ಕರಪತ್ರ ಮಾತ್ರ ಇವತ್ತಿಗೂ ಹಳೆಯ ಮರ್ಯಾದೆ ಉಳಿಸಿಕೊಂಡಿದೆ. ಪಾತ್ರ, ಪಾತ್ರಧಾರಿ, ಸಂಗೀತ ನಿರ್ದೇಶನ, ತಬಲಾ, ಸೀನರಿ, ಪ್ರತಿಯೊಂದರ ಮುಂದೆಯೂ ಹೆಸರು ಇರುತ್ತದೆ. ಸಾರಥಿಯ ಪಾರ್ಟು ಮಾಡಿದ ಹುಡುಗನನ್ನೂ ಬಿಡುವುದಿಲ್ಲ. ಒಂದು ರಾತ್ರಿಗೆ ಮುಗಿಯುವ ಕಾಗದದಲ್ಲಿ ಎಲ್ಲರ ಹೆಸರಿದೆ. ವರ್ಷಗಟ್ಟಲೆ ಉಳಿಯುವ ವಿಡಿಯೋದಲ್ಲಿ ಯಾರ ಹೆಸರೂ ಇಲ್ಲ. ಇದು ನನಗೆ ತುಂಬಾ ನೋವಾಗುವ ಸಂಗತಿ.

ಇನ್ನು ಯೂಟ್ಯೂಬ್ ದುಡ್ಡಿನ ಲೆಕ್ಕ. ಜಾಹೀರಾತಿನ ಪಾಲು ಬರಬೇಕಾದರೆ ಚಾನೆಲ್‌ಗೆ ಕನಿಷ್ಠ 1,000 ಸಬ್‌ಸ್ಕ್ರೈಬರ್ ಇರಬೇಕು. ಜೊತೆಗೆ ಕಳೆದ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬಂದಿರಬೇಕು. ಇದನ್ನು ದಾಟಿದರೆ ಉದ್ದದ ವಿಡಿಯೋಗಳ ಜಾಹೀರಾತು ಹಣದಲ್ಲಿ ಶೇ. 55 ಚಾನೆಲ್‌ಗೆ ಸಿಗುತ್ತದೆ. ಶಾರ್ಟ್ಸ್‌ನಲ್ಲಿ ಶೇ. 45. ಆ ಹಣ ಕೂಡಾ 100 ಡಾಲರ್ ತುಂಬುವವರೆಗೆ ಬ್ಯಾಂಕಿಗೆ ಬರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. 4,000 ಗಂಟೆ ಎಂದರೆ 2 ಲಕ್ಷ 40 ಸಾವಿರ ನಿಮಿಷ. ಒಬ್ಬ ಗಾಯಕಿ ಮೂರು ನಿಮಿಷದ ಹಾಡು ಹಾಕಿದರು, ಒಬ್ಬೊಬ್ಬರೂ ಎರಡು ನಿಮಿಷ ನೋಡಿದರು ಎಂದುಕೊಳ್ಳಿ. ಆಕೆಗೆ 1 ಲಕ್ಷ 20 ಸಾವಿರ ವ್ಯೂಸ್ ಬೇಕು. ಅದೇ ರಾತ್ರಿಯಿಡೀ ನಡೆದ ನಾಟಕದ ವಿಡಿಯೋವನ್ನು ಒಬ್ಬೊಬ್ಬರು ಹತ್ತು ನಿಮಿಷ ನೋಡಿದರೆ 24 ಸಾವಿರ ವ್ಯೂಸ್ ಸಾಕು. ಹಳ್ಳಿ ನಾಟಕಗಳಿಗೆ ಕ್ಯಾಮೆರಾದವರು ಹುಡುಕಿಕೊಂಡು ಬರುವುದಕ್ಕೆ ಇದೂ ಒಂದು ಕಾರಣ. ನಾಟಕದ ಉದ್ದವೇ ಅಲ್ಲಿ ಬಂಡವಾಳ. ಆ ಉದ್ದವನ್ನು ಕಟ್ಟಿಕೊಟ್ಟವರು ಮೇಷ್ಟ್ರು ಮತ್ತು ನಟರು. ಪಾಲು ಮಾತ್ರ ಚಾನೆಲ್‌ಗೆ ಹೋಗುತ್ತದೆ.

ಚಾನೆಲ್‌ನವರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಅವರೂ ನಮ್ಮ ಊರುಗಳ ಹುಡುಗರೇ. ಸಾಲ ಮಾಡಿ ಕ್ಯಾಮೆರಾ ತಂದಿರುತ್ತಾರೆ. ನೆಟ್‌ವರ್ಕ್ ಸಿಗದ ಊರಿನಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಲೈವ್ ಕೊಡುತ್ತಾರೆ. ಅವರಿಲ್ಲದಿದ್ದರೆ ಎಷ್ಟೋ ಹಿರಿಯ ಮೇಷ್ಟ್ರುಗಳ ಕಂದ ಪದ್ಯ, ಆಲಾಪ ದಾಖಲೆಯೇ ಆಗುತ್ತಿರಲಿಲ್ಲ. ಆದರೆ ಎಷ್ಟೋ ಕಡೆ ತಂಡದವರೇ ಲೈವ್‌ಗೆ ದುಡ್ಡು ಕೊಟ್ಟು ಅವರನ್ನು ಕರೆಸಿರುತ್ತಾರೆ. ದುಡ್ಡು ಕೊಟ್ಟವರಿಗೆ ಹೆಸರು ಕೇಳುವ ಹಕ್ಕಾದರೂ ಇರಬೇಕಲ್ವಾ?

ಹಕ್ಕು ಇದೆ. ಕಾನೂನಿನಲ್ಲೇ ಇದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರದರ್ಶನ ಕಲಾವಿದರ ಹಕ್ಕು ಎಂದು ಒಂದು ಭಾಗ ಇದೆ. ನಟ, ಗಾಯಕ, ವಾದ್ಯ ನುಡಿಸುವವರು, ನೃತ್ಯ ಮಾಡುವವರು, ದೊಂಬರಾಟದವರು, ಹಾವಾಡಿಗರು ಕೂಡಾ ಅದರಲ್ಲಿ ಬರುತ್ತಾರೆ. ಪ್ರದರ್ಶನ ನಡೆದ ನಂತರ 50 ವರ್ಷ ಈ ಹಕ್ಕು ಉಳಿಯುತ್ತದೆ. 2012ರ ತಿದ್ದುಪಡಿ ಇದನ್ನು ಇನ್ನೂ ಗಟ್ಟಿ ಮಾಡಿತು. 38ಎ ಕಲಂ ಪ್ರಕಾರ ಪ್ರದರ್ಶನವನ್ನು ರೆಕಾರ್ಡ್ ಮಾಡುವುದು, ಜನರಿಗೆ ತಲುಪಿಸುವುದು ಕಲಾವಿದರ ಒಪ್ಪಿಗೆಗೆ ಬಿಟ್ಟ ವಿಷಯ. 38ಬಿ ಕಲಂ ಎರಡು ಮುಖ್ಯ ಮಾತು ಹೇಳುತ್ತದೆ. ಒಂದು, ಈ ಪ್ರದರ್ಶನ ನನ್ನದು ಎಂದು ಹೆಸರು ಹೇಳಿಕೊಳ್ಳುವ ಹಕ್ಕು. ಎರಡು, ತನ್ನ ಮರ್ಯಾದೆಗೆ ಧಕ್ಕೆ ಬರುವಂತೆ ಪ್ರದರ್ಶನವನ್ನು ತಿರುಚಿದರೆ, ಕತ್ತರಿಸಿದರೆ ಆಕ್ಷೇಪಿಸುವ ಹಕ್ಕು.

ಈ ಎರಡನೆಯ ಹಕ್ಕು ನಮ್ಮ ನಾಟಕದ ಹೆಣ್ಣುಮಕ್ಕಳಿಗೆ ಎಲ್ಲರಿಗಿಂತ ಜಾಸ್ತಿ ಬೇಕಾಗಿದೆ. ಮೂರು ಗಂಟೆ ಹಾಡಿ ಅಭಿನಯಿಸಿದವರ ಹತ್ತು ಸೆಕೆಂಡಿನ ಒಂದು ನೃತ್ಯದ ತುಣುಕನ್ನು ಕತ್ತರಿಸುತ್ತಾರೆ. ಅದಕ್ಕೆ ಕೆಟ್ಟ ಟೈಟಲ್ ಕೊಡುತ್ತಾರೆ, ಇನ್ನೂ ಕೆಟ್ಟ ಥಂಬ್‌ನೇಲ್ ಹಾಕುತ್ತಾರೆ. ಕೆಳಗೆ ಬರುವ ಕಾಮೆಂಟುಗಳನ್ನು ಮನೆಯಲ್ಲಿ ಮಕ್ಕಳು ಓದುತ್ತಾರೆ. ರಂಗಗೀತೆ ಹಾಡುವುದನ್ನು ಹತ್ತಾರು ವರ್ಷ ಕಲಿತ ಕಲಾವಿದೆಯನ್ನು ಹೀಗೆ ತೋರಿಸುವುದು ಅನ್ಯಾಯ. ಅಂಥ ವಿಡಿಯೋ ಕಂಡರೆ ಯೂಟ್ಯೂಬ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ರಿಪೋರ್ಟ್ ಮಾಡಬಹುದು. ಕಿರುಕುಳದ ಮಟ್ಟಕ್ಕೆ ಹೋದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ದೂರು ಕೊಡುವ ಭಾರ ಒಂಟಿ ಹೆಣ್ಣಿನ ಮೇಲೆ ಬೀಳಬಾರದು. ನಾಟಕ ಆಡಿಸಿದ ತಂಡವೇ ಮುಂದೆ ನಿಲ್ಲಬೇಕು. ಅವರನ್ನು ಊರಿಗೆ ಕರೆಸಿದವರು ಇವರೇ ತಾನೆ.

ಕೋರ್ಟಿಗೆ ಹೋಗಿ ಎಂದು ಯಾರಿಗೂ ಹೇಳುತ್ತಿಲ್ಲ. ಕ್ಯಾಮೆರಾದವರಿಗೆ ಅಡ್ವಾನ್ಸ್ ಕೊಡುವಾಗ ಒಂದು ಹಾಳೆಯಲ್ಲಿ ನಾಲ್ಕೈದು ಸಾಲು ಬರೆದು ಸಹಿ ಹಾಕಿಸಿಕೊಂಡರೆ ಸಾಕು. ವಿಡಿಯೋ ನಿಮ್ಮ ಚಾನೆಲ್‌ನಲ್ಲಿ ಹಾಕಬಹುದು. ಕರಪತ್ರದಲ್ಲಿರುವ ಅಷ್ಟೂ ಹೆಸರು ಡಿಸ್ಕ್ರಿಪ್ಷನ್‌ನಲ್ಲಿ ಇರಬೇಕು. ಮೇಷ್ಟ್ರ ನಂಬರ್ ಮತ್ತು ತಂಡದ ನಂಬರ್ ಇರಬೇಕು. ಕಲಾವಿದರನ್ನು ಕೇಳದೆ ತುಣುಕು ಮಾಡಿ ಹಾಕಬಾರದು. ಪೂರ್ತಿ ವಿಡಿಯೋದ ಒಂದು ಕಾಪಿ ತಂಡಕ್ಕೆ ಕೊಡಬೇಕು. ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಅದೇ ಮುಖ್ಯ. ನಾಳೆ ಆ ಚಾನೆಲ್ ಮುಚ್ಚಿಹೋದರೆ ನಾಟಕವೂ ಅದರ ಜೊತೆಯೇ ಹೋಗುತ್ತದೆ. ಡಿಸ್ಕ್ರಿಪ್ಷನ್‌ನಲ್ಲಿ 0:00ರಿಂದ ಶುರು ಮಾಡಿ ಯಾವ ನಿಮಿಷಕ್ಕೆ ಯಾವ ದೃಶ್ಯ, ಯಾರ ಪದ್ಯ ಎಂದು ಬರೆದರೆ ಯೂಟ್ಯೂಬ್ ತಾನೇ ವಿಡಿಯೋವನ್ನು ಭಾಗ ಮಾಡಿ ತೋರಿಸುತ್ತದೆ. ಆರು ಗಂಟೆಯ ವಿಡಿಯೋದಲ್ಲಿ ಶಕುನಿಯ ಪಾರ್ಟು ಮಾಡಿದವರೂ ತಮ್ಮ ಹೆಸರಿನಲ್ಲಿ ಸಿಗುತ್ತಾರೆ. ಊರಿನಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಒಂದು ಸಂಜೆ ಕೂತರೆ ಮುಗಿಯುವ ಕೆಲಸ ಇದು.

ಹಾಡು ಬರೆದು ಹಾಡುವವರ ಕಷ್ಟ ಸ್ವಲ್ಪ ಬೇರೆ. ಬೆಂಗಳೂರಿಗೆ ಹೋಗಿ ಸ್ಟುಡಿಯೋದಲ್ಲಿ ಹಾಡಿ ಬರುತ್ತಾರೆ. ಯಾವುದೋ ಆಡಿಯೋ ಕಂಪನಿ ಅಥವಾ ಚಾನೆಲ್ ಒಂದಿಷ್ಟು ದುಡ್ಡು ಕೊಡುತ್ತದೆ. ಎಷ್ಟೋ ಸಲ ಅದನ್ನೂ ಕೊಡುವುದಿಲ್ಲ, 'ನಿಮಗೆ ಹೆಸರು ಬರುತ್ತೆ' ಎನ್ನುತ್ತದೆ. ಆ ಹಾಡು ಅವರದೇ ಆಗಿಹೋಯಿತು ಎಂದು ಹಾಡಿದವರು ನಂಬಿಬಿಡುತ್ತಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ ಇರಬೇಕು, ಸಹಿ ಇರಬೇಕು. ಬಾಯಿಮಾತಿನಲ್ಲಿ ಹಕ್ಕು ಕೈ ಬದಲಾಗುವುದಿಲ್ಲ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಹಾಗಾಗಿ ಕಾಗದ ಮುಂದಿಟ್ಟಾಗ ಓದದೆ ಸಹಿ ಹಾಕಬೇಡಿ. ಅದು ಇಂಗ್ಲಿಷಿನಲ್ಲಿದ್ದರೆ ಗೊತ್ತಿದ್ದವರಿಂದ ಓದಿಸಿ. ಶಾಶ್ವತವಾಗಿ, ಎಲ್ಲ ದೇಶಗಳಿಗೂ ಎಂಬ ಮಾತು ಇದೆಯಾ ನೋಡಿ. ಇನ್ನೊಂದು ಮಾತು. ಹಾಡಿನ ಹಕ್ಕು ಹುಟ್ಟಲು ರಿಜಿಸ್ಟ್ರೇಷನ್ ಬೇಕಿಲ್ಲ. ಬರೆದ ಕ್ಷಣದಿಂದಲೇ ಅದು ಬರೆದವರದ್ದು. ರಿಜಿಸ್ಟರ್ ಮಾಡಿಸಿದರೆ ಮುಂದೆ ತಕರಾರು ಬಂದಾಗ ಪುರಾವೆಗೆ ಅನುಕೂಲ.

ಜನಪದ ಹಾಡುಗಳಲ್ಲಿ ಇನ್ನೊಂದು ಗೊಂದಲ ಇದೆ. ಸೋಬಾನೆ ಪದ, ಕೋಲಾಟದ ಪದ ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಹಾಡಬಹುದು. ಆದರೆ ನೀವು ಹಾಡಿದ ರೆಕಾರ್ಡಿಂಗ್‌ನಲ್ಲಿ ನಿಮ್ಮ ಹಕ್ಕು ಇದೆ. ಅದೇ ರೀತಿ ಯಾವುದೋ ಕಂಪನಿ ಮಾಡಿದ ರೆಕಾರ್ಡಿಂಗ್‌ನಲ್ಲಿ ಆ ಕಂಪನಿಯ ಹಕ್ಕು ಇದೆ. ಯೂಟ್ಯೂಬ್‌ನ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಹೊಸ ವಿಡಿಯೋದ ಸದ್ದನ್ನು ಕಂಪನಿಗಳು ಕೊಟ್ಟಿರುವ ಸದ್ದಿನ ಜೊತೆ ಹೋಲಿಸಿ ನೋಡುತ್ತದೆ. ರಾಗ ಹೋಲುತ್ತದೆ ಎಂದು ಕೆಲವೊಮ್ಮೆ ಅಜ್ಜಿ ಮನೆಯಲ್ಲಿ ಕೂತು ಹಾಡಿದ ಪದದ ಮೇಲೂ 'ಇದು ನಮ್ಮದು' ಎಂಬ ಕ್ಲೈಮ್ ಬೀಳುತ್ತದೆ. ಆಗ ಆ ವಿಡಿಯೋದ ಜಾಹೀರಾತು ಹಣ ಕ್ಲೈಮ್ ಮಾಡಿದವರಿಗೆ ಹೋಗಬಹುದು. ಇದನ್ನು ಕಂಡು ಹೆದರಿ ವಿಡಿಯೋ ಡಿಲೀಟ್ ಮಾಡುವವರೇ ಜಾಸ್ತಿ. ಹಾಗೆ ಮಾಡಬೇಕಿಲ್ಲ. ಕ್ಲೈಮ್ ಬೇರೆ, ಸ್ಟ್ರೈಕ್ ಬೇರೆ. ಚಾನೆಲ್‌ಗೆ ಅಪಾಯ ತರುವುದು ಸ್ಟ್ರೈಕ್, ಅಂದರೆ ಹಕ್ಕುದಾರರ ದೂರಿನ ಮೇಲೆ ವಿಡಿಯೋ ತೆಗೆದು ಕೊಡುವ ಎಚ್ಚರಿಕೆ. 90 ದಿನಗಳಲ್ಲಿ ಮೂರು ಬಿದ್ದರೆ ಚಾನೆಲ್ ಹೋಗಬಹುದು. ಕ್ಲೈಮ್ ತಪ್ಪು ಅನ್ನಿಸಿದರೆ, ಇದು ಸಾಂಪ್ರದಾಯಿಕ ಹಾಡು, ನಾವೇ ಹಾಡಿದ್ದು ಎಂದು ಬರೆದು ಡಿಸ್ಪ್ಯೂಟ್ ಮಾಡಬಹುದು. ಎದುರಿನವರಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಕೊಡದಿದ್ದರೆ ಕ್ಲೈಮ್ ಬಿದ್ದುಹೋಗುತ್ತದೆ. ಹಿನ್ನೆಲೆಯಲ್ಲಿ ಸಿನಿಮಾದ ಟ್ರ್ಯಾಕ್ ಹಾಕಿಕೊಂಡಿದ್ದರೆ ಮಾತ್ರ ಈ ವಾದ ನಿಲ್ಲುವುದಿಲ್ಲ.

ಹೊಸ ಹುಡುಗರು ರ‍್ಯಾಪ್, ಬ್ಯಾಂಡ್ ಹಾಡುಗಳನ್ನು ಸ್ಪಾಟಿಫೈಗೆ ಹಾಕುತ್ತಾರೆ. ಅಲ್ಲಿಗೆ ನೇರವಾಗಿ ಹಾಕಲು ಬರುವುದಿಲ್ಲ, ಹಾಡನ್ನು ಅಲ್ಲಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕಂಪನಿಯ ಮೂಲಕ ಹೋಗಬೇಕು. 2024ರಿಂದ ಒಂದು ಹಾಡು 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸದಿದ್ದರೆ ಆ ಹಾಡಿಗೆ ರಾಯಲ್ಟಿಯೇ ಇಲ್ಲ. ಹಾಡು ಅಲ್ಲಿರಲಿ, ಹುಡುಕಿದವರಿಗೆ ಸಿಗಲಿ. ಅದರ ಮೇಲೆ ಮನೆ ಬಾಡಿಗೆಯ ಲೆಕ್ಕ ಮಾತ್ರ ಹಾಕಬೇಡಿ.

ಈಗ ಕೋಲಾರಕ್ಕೆ ಬರೋಣ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದರೆ ಬೀದಿ ಬೀದಿಯಲ್ಲೂ ಉಳಿ ಸುತ್ತಿಗೆಯ ಸದ್ದು ಕೇಳುತ್ತದೆ. ತಲೆಮಾರುಗಳಿಂದ ದೇವರ ವಿಗ್ರಹ ಕೆತ್ತುವ ಊರು ಅದು. ಇಲ್ಲಿನ ಆನ್‌ಲೈನ್ ಕಥೆ ನಾಟಕದವರ ಕಥೆಗಿಂತ ಬೇರೆ. ವಿಗ್ರಹ ಕೊಳ್ಳುವವರು ವಿಡಿಯೋ ನೋಡಿ ಚಪ್ಪಾಳೆ ತಟ್ಟಿ ಹೋಗುವವರಲ್ಲ. ದೇವಸ್ಥಾನ ಕಟ್ಟುತ್ತಿರುವ ಊರಿನವರು, ಟ್ರಸ್ಟಿನವರು. ಅವರಿಗೆ ಬೇಕಾದದ್ದು ನಂಬಿಕೆ. ಕಲ್ಲು ಯಾವುದು, ಅಳತೆ ಶಾಸ್ತ್ರಕ್ಕೆ ಸರಿಯಿದೆಯಾ, ಹೇಳಿದ ದಿನಕ್ಕೆ ಕೊಡುತ್ತಾರಾ?

ಅಲ್ಲಿ ದಿನಕ್ಕೊಂದು ರೀಲ್ ಹಾಕಬೇಕೆಂಬ ಉಪದೇಶ ಉಪಯೋಗಕ್ಕೆ ಬರುವುದಿಲ್ಲ. ಒಂದು ದೊಡ್ಡ ವಿಗ್ರಹಕ್ಕೆ ತಿಂಗಳುಗಳು ಬೇಕು. ಮೂವತ್ತು ಸೆಕೆಂಡಿಗೆ ಅದನ್ನು ಕುಗ್ಗಿಸುವ ಒತ್ತಡಕ್ಕೆ ಶಿಲ್ಪಿ ಬೀಳಬಾರದು ಎಂದು ನನಗನ್ನಿಸುತ್ತದೆ. ಅದಕ್ಕಿಂತ ಒಂದೇ ವಿಗ್ರಹವನ್ನು ಗುರುತು ಹಾಕಿದ ಕಲ್ಲಿನಿಂದ ಪಾಲಿಶ್ ಆಗುವವರೆಗೆ, ಹಂತ ಹಂತವಾಗಿ ಒಂದೇ ಜಾಗದಿಂದ ಫೋಟೋ ತೆಗೆದು ಇಡಲಿ. ಇದು ಪ್ರಚಾರವೂ ಹೌದು, ಪುರಾವೆಯೂ ಹೌದು. ಮುಗಿದ ವಿಗ್ರಹದ ಫೋಟೋವನ್ನು ಯಾರು ಬೇಕಾದರೂ ಕದ್ದು ತಮ್ಮದೆಂದು ತೋರಿಸಬಹುದು. ಮಧ್ಯವರ್ತಿಗಳು ಮಾಡುವುದೂ ಅದನ್ನೇ. ಯಾರದೋ ಕೆಲಸದ ಚಿತ್ರ ತೋರಿಸಿ ಆರ್ಡರ್ ಹಿಡಿಯುತ್ತಾರೆ, ಕಡಿಮೆ ಕೂಲಿಗೆ ಇನ್ನಾರಿಂದಲೋ ಮಾಡಿಸುತ್ತಾರೆ. ಅರ್ಧ ಕೆತ್ತಿದ ಕಲ್ಲಿನ ಪಕ್ಕದಲ್ಲಿ ಶಿಲ್ಪಿಯೇ ನಿಂತಿರುವ ಹತ್ತು ಫೋಟೋಗಳು ಕದಿಯುವವನ ಹತ್ತಿರ ಇರಲು ಸಾಧ್ಯವಿಲ್ಲ. ಇನ್ನೊಂದು ಸುಲಭದ ಕೆಲಸ, ಗೂಗಲ್ ಮ್ಯಾಪಿನಲ್ಲಿ ಶಿಲ್ಪಶಾಲೆಯ ಹೆಸರು ಸೇರಿಸುವುದು. ಅದಕ್ಕೆ ದುಡ್ಡಿಲ್ಲ. ಬೆಂಗಳೂರಿನಿಂದ ಬರುವವರು ಮ್ಯಾಪ್ ನೋಡಿಕೊಂಡೇ ಬರುತ್ತಾರೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಫೋಟೋ, ಅಳತೆ ಹಾಕಿ ಕ್ಯಾಟಲಾಗ್ ಮಾಡಿಡಬಹುದು. ಅದೂ ಉಚಿತ.

ನಂಬರ್ ಹೊರಗೆ ಬಂದರೆ ಮೋಸಗಾರರ ಕರೆಯೂ ಬರುತ್ತದೆ ಎಂಬುದನ್ನು ಮರೆಯಬಾರದು. ಮಿಲಿಟರಿ ಆಫೀಸರ್ ಎಂದು ಹೇಳಿಕೊಂಡು ವಿಗ್ರಹ ಬುಕ್ ಮಾಡುವವರು, ಅಡ್ವಾನ್ಸ್ ಕಳಿಸಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುವವರು ಇದ್ದಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಸಾವಿರ ಸಬ್‌ಸ್ಕ್ರೈಬರ್ ಮಾಡಿಸಿಕೊಡುತ್ತೇವೆ ಎಂದು ದುಡ್ಡು ಕೇಳುವವರನ್ನೂ ದೂರ ಇಡಿ. ಅದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ. ಕೊಂಡ ಸಬ್‌ಸ್ಕ್ರೈಬರ್ ನಾಟಕಕ್ಕೆ ಕರೆಯುವುದೂ ಇಲ್ಲ. ಇನ್ನು ಹೆಣ್ಣುಮಕ್ಕಳು ತಮ್ಮ ಸ್ವಂತ ನಂಬರನ್ನು ಎಲ್ಲರಿಗೂ ಕಾಣುವಂತೆ ಹಾಕುವುದು ಕಷ್ಟವೇ. ಬುಕಿಂಗ್‌ಗೆಂದೇ ಇನ್ನೊಂದು ಸಿಮ್ ಇಟ್ಟುಕೊಳ್ಳಬಹುದು. ಇಲ್ಲವೇ ನಾಲ್ಕೈದು ಕಲಾವಿದೆಯರು ಸೇರಿ ಒಂದೇ ನಂಬರ್ ಕೊಟ್ಟು, ಮಾತಾಡುವ ಕೆಲಸವನ್ನು ಒಬ್ಬರಿಗೆ ವಹಿಸಬಹುದು.

ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ಓದಿದಾಗ ಆದ ಸಂತೋಷ ನನಗೆ ಇನ್ನೂ ಇದೆ. ತಮಟೆ ಬಡಿಯುವವರನ್ನು ಊರು ಶತಮಾನಗಳ ಕಾಲ 'ತಮಟೆಯವರು' ಎಂದಷ್ಟೇ ಕರೆದಿದೆ. ಹಬ್ಬಕ್ಕೂ ಸಾವಿಗೂ ಅವರು ಬೇಕು, ಅವರ ಹೆಸರು ಮಾತ್ರ ಬೇಡ. ಜಾತಿ ಮಾಡಿದ ಈ ಅನ್ಯಾಯವನ್ನು ಫೋನಿನ ಪರದೆಯೂ ಮುಂದುವರಿಸಿದರೆ ಹೇಗೆ? ಮೆರವಣಿಗೆಯ ತಮಟೆ ಸದ್ದು ಈಗ ರೀಲ್ಸ್‌ಗಳಲ್ಲಿ ತುಂಬಿದೆ. ಬಾರಿಸಿದ ತಂಡದ ಹೆಸರು ಅಲ್ಲಿ ಕಾಣುವುದು ಕಡಿಮೆ.

ಇಲ್ಲಿ ಇನ್‌ಸ್ಟಾಗ್ರಾಂನ ಒಂದು ಸಣ್ಣ ವಿಷಯ ತಿಳಿದಿರಬೇಕು. ನೀವು ನಿಮ್ಮದೇ ಸದ್ದಿನ ರೀಲ್ ಹಾಕಿದರೆ ಆ ಆಡಿಯೋಗೆ ನಿಮ್ಮ ಅಕೌಂಟಿನ ಹೆಸರು ಅಂಟಿಕೊಳ್ಳುತ್ತದೆ. ಬೇರೆಯವರು ಅದೇ ಆಡಿಯೋ ಬಳಸಿ ರೀಲ್ ಮಾಡಿದರೆ ಅಲ್ಲೂ ನಿಮ್ಮ ಹೆಸರು ಕಾಣುತ್ತದೆ. ಅದನ್ನು ಒತ್ತಿದವರು ನಿಮ್ಮ ಪೇಜಿಗೆ ಬರುತ್ತಾರೆ. ಮೆರವಣಿಗೆಯಲ್ಲಿ ಕುಣಿಯುತ್ತಿದ್ದ ಯಾರೋ ಮೊದಲು ಹಾಕಿದರೆ ಆ ಹೆಸರು ಅವರದಾಗುತ್ತದೆ. ಹಾಗಾಗಿ ತಂಡದವರೇ ತಮ್ಮ ಒಳ್ಳೆಯ ಗತ್ತುಗಳನ್ನು (ಬಾರಿಸುವ ತಾಳದ ವರಸೆಗಳನ್ನು) ಗದ್ದಲವಿಲ್ಲದ ಜಾಗದಲ್ಲಿ ರೆಕಾರ್ಡ್ ಮಾಡಿ, ತಂಡದ ಹೆಸರು, ಊರು, ತಾಲ್ಲೂಕು ಹೇಳಿ ಮೊದಲೇ ಹಾಕಿಬಿಡಬೇಕು. ಮದುವೆ, ಗಣೇಶನ ಹಬ್ಬ, ಊರಹಬ್ಬಕ್ಕೆ ತಂಡ ಹುಡುಕುವವರಿಗೆ ಅದೇ ವಿಳಾಸವಾಗುತ್ತದೆ.

ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆಯ ಕಲಾವಿದರಿಗೆ ಇನ್ನೊಂದು ಬಲ ಇದೆ. ಅಲ್ಲಿ ಕನ್ನಡ ತೆಲುಗು ಎರಡೂ ಮನೆಮಾತು. ಸಂತ ಕವಿ ಕೈವಾರ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿದವರು. ಅವರ ಕೀರ್ತನೆಗಳನ್ನು ಹಾಡುವ ಭಜನೆ ತಂಡಗಳು ವಿಡಿಯೋದ ಟೈಟಲ್ಲನ್ನು ಎರಡು ಲಿಪಿಯಲ್ಲೂ ಬರೆದರೆ ಗಡಿಯಾಚೆಯ ಮದನಪಲ್ಲಿ, ಹಿಂದೂಪುರದವರೂ ಹುಡುಕಿ ಬರುತ್ತಾರೆ. ಎರಡು ಭಾಷೆಯಲ್ಲಿ ಹಾಡುವುದನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯವೇ ಇಲ್ಲ. ಅದು ಈ ನೆಲದ ಸಂಪತ್ತು.

ದುಡ್ಡಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಹಳ್ಳಿ ನಾಟಕದಲ್ಲಿ ಪ್ರೇಕ್ಷಕರು ದುಡ್ಡು ಕೊಡುವ ಪದ್ಧತಿ ಮೊದಲಿನಿಂದಲೂ ಇದೆ. ಪದ್ಯ ಚೆನ್ನಾಗಿ ಬಂದರೆ ಒನ್ಸ್ ಮೋರ್ ಕೂಗುತ್ತಾರೆ, ಸ್ಟೇಜ್ ಹತ್ತಿ ನೋಟು ಕೊಡುತ್ತಾರೆ, ಮೈಕಿನಲ್ಲಿ ಕೊಟ್ಟವರ ಹೆಸರು ಹೇಳುತ್ತಾರೆ. ಲೈವ್ ನೋಡುವವರು ಕೊಡಬೇಕೆಂದರೆ ಯೂಟ್ಯೂಬ್‌ನ ಸೂಪರ್ ಚಾಟ್ ಇದೆ. ಆದರೆ ಅದರಲ್ಲಿ ಶೇ. 30 ಯೂಟ್ಯೂಬ್‌ಗೆ, ಉಳಿದದ್ದು ಚಾನೆಲ್‌ಗೆ. ಕಲಾವಿದರ ಕೈಗೆ ಏನೂ ಇಲ್ಲ. ಪರದೆಯ ಮೂಲೆಯಲ್ಲಿ ಮೇಷ್ಟ್ರ ಅಥವಾ ತಂಡದ ಯುಪಿಐ ಕ್ಯೂಆರ್ ಇದ್ದರೆ ಬೆಂಗಳೂರಿನಲ್ಲಿ ಕೂತು ನೋಡುವವರು ಕೊಟ್ಟ ನೂರು ರೂಪಾಯಿ ಪೂರ್ತಿ ನೂರಾಗಿಯೇ ಬರುತ್ತದೆ. ಮೈಕಿನಲ್ಲಿ ಅವರ ಹೆಸರನ್ನೂ ಹೇಳಬಹುದು. ಇದಕ್ಕೆ ಹೊಸ ಆ್ಯಪ್ ಬೇಕಿಲ್ಲ, ಸಬ್‌ಸ್ಕ್ರೈಬರ್ ಸಂಖ್ಯೆ ಏರುವವರೆಗೆ ಕಾಯಬೇಕಿಲ್ಲ.

ಎಲ್ಲವನ್ನೂ ಒಂದೇ ಕಂಪನಿಯ ಮೇಲೆ ಹೊರಿಸಿದರೆ ಏನಾಗುತ್ತದೆ ಎಂದು ನಮ್ಮ ಹುಡುಗರು ಒಮ್ಮೆ ನೋಡಿದ್ದಾರೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಸಾವಿರಾರು ಅಭಿಮಾನಿಗಳಿದ್ದ ಹಳ್ಳಿಯ ಹಾಡುಗಾರರು, ಕುಣಿತದವರು ಒಂದೇ ರಾತ್ರಿಯಲ್ಲಿ ಎಲ್ಲ ಕಳೆದುಕೊಂಡರು. ವಿಡಿಯೋಗಳ ಕಾಪಿ ಇರಲಿಲ್ಲ, ನೋಡುತ್ತಿದ್ದವರ ನಂಬರ್ ಇರಲಿಲ್ಲ. ಅದಕ್ಕೇ ಮೂಲ ಫೈಲುಗಳು ಕಲಾವಿದರ ಹತ್ತಿರವೇ ಇರಬೇಕು ಎಂದು ಮತ್ತೆ ಮತ್ತೆ ಹೇಳುತ್ತಿರುವುದು. ಕಾರ್ಯಕ್ರಮ ಕೊಟ್ಟ ಊರುಗಳ ಮುಖ್ಯಸ್ಥರ ಹೆಸರು, ನಂಬರ್ ಇರುವ ಒಂದು ನೋಟ್‌ಬುಕ್ ಕೂಡಾ ಇರಲಿ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ ಹಾಡು, ನಾಟಕ ನಡೆಸುವ 'ಹುಣ್ಣಿಮೆ ಹಾಡು' ಬೆಳೆದದ್ದು ಬೆಟ್ಟ ಹತ್ತಿ ಬರುವ ಜನರಿಂದ. ಅಂಥ ಜನ ಯಾವ ಆ್ಯಪ್ ಮುಚ್ಚಿದರೂ ಬರುತ್ತಾರೆ. ಆನ್‌ಲೈನ್ ಇರುವುದು ಅಂಥ ಪ್ರೇಕ್ಷಕರನ್ನು ಜಾಸ್ತಿ ಮಾಡಿಕೊಳ್ಳಲು.

ಇಷ್ಟೆಲ್ಲ ಕೆಲಸ ಅರವತ್ತು ದಾಟಿದ ಮೇಷ್ಟ್ರು ಒಬ್ಬರೇ ಮಾಡಲಿ ಎನ್ನುವುದು ನ್ಯಾಯವಲ್ಲ. ಪ್ರತಿ ಜಿಲ್ಲೆಯಲ್ಲೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿ ಇದೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರ, ಕೋಲಾರದ ಟಿ. ಚೆನ್ನಯ್ಯ ರಂಗಮಂದಿರದಲ್ಲಿ ವರ್ಷವಿಡೀ ಕಾರ್ಯಕ್ರಮಗಳು ನಡೆಯುತ್ತವೆ. ಸರ್ಕಾರದ ನೆರವು ಪಡೆದ ಕಾರ್ಯಕ್ರಮದ ವಿಡಿಯೋದಲ್ಲಿ ಕಲಾವಿದರ ಹೆಸರು ಹಾಕಲೇಬೇಕು ಎಂದು ಒಂದು ಷರತ್ತು ಇಟ್ಟರೆ ಇಲಾಖೆಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಕಲಾವಿದರ ಒಪ್ಪಿಗೆ ಪಡೆದು ತಾಲ್ಲೂಕುವಾರು ಪಟ್ಟಿ ಮಾಡಿ ಎಲ್ಲರಿಗೂ ಸಿಗುವಂತೆ ಇಡಬಹುದು. ಮೇಷ್ಟ್ರು ಯಾರು, ಸ್ತ್ರೀ ಪಾತ್ರಧಾರಿಗಳು ಯಾರು, ತಮಟೆ, ವೀರಗಾಸೆ, ಸೋಮನ ಕುಣಿತದ ತಂಡಗಳು ಯಾವುವು ಎಂದು ಅದರಲ್ಲಿರಲಿ. ಗ್ರಾಮ ಪಂಚಾಯಿತಿಗಳ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ, ಬಹಳಷ್ಟು ಕಡೆ ಕಂಪ್ಯೂಟರ್ ಇದೆ. ಚಾನೆಲ್ ತೆರೆಯುವುದು, ಡಿಸ್ಕ್ರಿಪ್ಷನ್ ಬರೆಯುವುದು, ಕ್ಲೈಮ್ ಬಂದರೆ ಉತ್ತರ ಕೊಡುವುದು, ಇವನ್ನು ಅಲ್ಲೇ ಕೂತು ಮಾಡಬಹುದು. ಮುಂದಿನ ಜಾತ್ರೆಯ ಪ್ರಾಕ್ಟೀಸ್ ಶುರುವಾಗುವ ಮೊದಲು ನಾಟಕದ ಒಂದು ತಂಡ, ಊರಿನ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಕ್ಯಾಮೆರಾದವರು ಅಲ್ಲಿ ಒಟ್ಟಿಗೆ ಕೂತು ಹಳೆಯ ವಿಡಿಯೋಗಳಿಗೆ ಹೆಸರು ಸೇರಿಸುವುದರಿಂದ ಶುರು ಮಾಡಬಹುದು. ಹಾಕಿದ ವಿಡಿಯೋದ ಡಿಸ್ಕ್ರಿಪ್ಷನ್ ಅನ್ನು ಚಾನೆಲ್‌ನವರು ಯಾವಾಗ ಬೇಕಾದರೂ ತಿದ್ದಬಹುದು. ಹಿಂದಿನ ವರ್ಷಗಳ ಕರಪತ್ರಗಳು ಮೇಷ್ಟ್ರ ಮನೆಯಲ್ಲಿ ಇದ್ದೇ ಇರುತ್ತವೆ.